ಗಾಣ ತಿರಗಾಕತ್ತೈತಿ

ಸುಣ್ಣದ ಅಂಗಡಿಯಲ್ಲಿ ಕೂತವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಎಲ್ಲಿಂದಲೋ ನಾಲ್ಕು ಹನಿ ನೀರು ಬಿದ್ದರೆ ಸಾಕು, ತಾನೇ ಕುದಿಯುತ್ತದೆ. ಬ್ರೂಸ್‌ಪೇಟೆಯ ನನ್ನ ಅಂಗಡಿಗೆ ಈಚೆಗೆ ಹಾಗೆ ಹನಿಯಾಗಿ ಬಂದವರು ಒಬ್ಬರು ಮೇಡಂ. ಹಳೆಯ ಗುಡಿ, ಕೋಟೆ ನೋಡಿಕೊಳ್ಳುವ ಸಿಬ್ಬಂದಿಗೆ ಮೊಬೈಲಿನಲ್ಲೇ ತರಬೇತಿ ಕೊಡುವ ಪಾಠಗಳನ್ನು ತಯಾರಿಸುವುದು ಅವರ ಕೆಲಸ. ಗಾರೆಯ ಪಾಠಕ್ಕೆ ನನ್ನ ಸುಣ್ಣ ಬೇಕಿತ್ತು. ಕಲಸಿ ತೋರಿಸಲು ತೆಕ್ಕಲಕೋಟೆಯ ಮುದುಕ ಮೇಸ್ತ್ರಿಯನ್ನು ನಾನೇ ಗೊತ್ತುಮಾಡಿಕೊಟ್ಟೆ.

ಅಷ್ಟರಲ್ಲಿ ಮೇಲಿನ ಆಫೀಸಿನಿಂದ ಮಾತು ಬಂತು: ಪಾಠದ ಪರೀಕ್ಷೆ ಪಾಸಾದವರಿಗೆ ಮಾತ್ರ ಕುರುಗೋಡಿನ ಹಳೆ ಮಂಟಪದ ರಿಪೇರಿ ಕೆಲಸ. ಜೀವಮಾನವೆಲ್ಲ ಗಾರೆ ಅರೆದವನು ಗಾರೆಯ ಪರೀಕ್ಷೆಗೆ ಕೂರಬೇಕಾಯಿತು. ಅವನು ತಪ್ಪಿದರೆ ಸಿಮೆಂಟಿನವರು ಬರುತ್ತಾರೆ. ಹೀಗಾಗಿ ಅವನು ಪಾಸಾಗುವುದು ನನಗೂ ಬೇಕಿತ್ತು.

ಒಂದೇ ಸಲ

"ನೋಡೋರಿಗೆ ನಿದ್ದೆ ಬರಬಾರದು ಸರ್, ಕುತೂಹಲ ಹುಟ್ಟಬೇಕು" ಅಂದರು ಮೇಡಂ, ಕ್ಯಾಮೆರಾ ಹಿಡಿದು.

ಮೇಸ್ತ್ರಿ ತೊಟ್ಟಿಯಲ್ಲಿದ್ದ ಕಲ್ಲುಸುಣ್ಣಕ್ಕೆ ನೀರು ಸುರಿದ. ಬುಸ್ಸೆಂದು ಬಿಳಿ ಹಬೆ ಎದ್ದಿತು. ಅಂಗಡಿ, ಓಣಿ, ಎದುರಿನ ಬೆಳ್ಳುಳ್ಳಿ ಮೂಟೆಗಳು ಒಂದೊಂದಾಗಿ ಕನಸಿಗೆ ಸೇರಿಕೊಂಡವು. ಮೋಡದೊಳಗೆ ಎಲ್ಲೋ ಒಂದು ತಳ್ಳುಗಾಡಿಯ ಗಂಟೆ ಮಾತ್ರ ಹೋಗುತ್ತಿತ್ತು.

"ಏನೂ ಕಾಣಿಸಲಿಲ್ಲ. ಇನ್ನೊಂದ್ಸಲ ಕುದಿಸ್ತೀರಾ?"

"ತಾಯಿ, ಸುಣ್ಣ ಕುದಿಯೋದು ಒಂದ ಸಲ. ಇನ್ನೊಮ್ಮಿ ಬೇಕಂದ್ರ ಇನ್ನೊಂದು ಚೀಲ."

ಹಾಗೇ ನಾಲ್ಕು ಚೀಲ ಕುದಿಯಿತು. ಕೊನೆಗೆ ಮೊದಲನೆಯದೇ ಚೆನ್ನಾಗಿದೆ ಅಂದರು. ನೋಡುವವರ ಮಾತು ಬಿಡಿ, ಆನ್‌ಲೈನ್ ಶಿಕ್ಷಣದಲ್ಲಿ ನನಗಂತೂ ಭಾರಿ ಕುತೂಹಲ ಹುಟ್ಟಿತು.

ಬಸವಣ್ಣನ ಪಾದ

ಪಾಠ ಹೇಗೆ ಬಂದಿದೆ ಎಂದು ನೋಡಲು ಸಿರುಗುಪ್ಪದ ಒಂದು ಸಭಾಂಗಣದಲ್ಲಿ ಸಿಬ್ಬಂದಿಯನ್ನು ಕೂರಿಸಿದರು. ಮೇಸ್ತ್ರಿಯ ಜೊತೆ ನಾನೂ ಹೋಗಿದ್ದೆ. ಮಧ್ಯಾಹ್ನದ ಬಿಸಿಲು, ರೈಸ್‌ಮಿಲ್ಲಿನ ತೌಡಿನ ವಾಸನೆ. ಅರ್ಧ ಜನ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು. ಅಂಥವರಿಗೆಂದೇ ಮೇಡಂ, ಗುಡಿ ಮುಂದಿನ ಕಲ್ಲು ಬಸವಣ್ಣನೇ ಮಾತಾಡುವಂಥ ಚಿತ್ರ ಮಾಡಿಸಿದ್ದರು. ಬಸವಣ್ಣ ಪ್ರಶ್ನೆ ಕೇಳುತ್ತಾನೆ, ಉತ್ತರ ಸರಿಯಾದರೆ ತಲೆದೂಗುತ್ತಾನೆ, ತಪ್ಪಾದರೆ ಅಡ್ಡಡ್ಡ ಆಡಿಸುತ್ತಾನೆ.

ಕುರುಗೋಡಿನ ಗುಡಿಯ ವಾಚ್‌ಮನ್ ಒಬ್ಬನಿಗೆ ಮಾತ್ರ ಎಲ್ಲ ಉತ್ತರವೂ ತಪ್ಪು. ಬಿರುಕಿಗೆ ಸಿಮೆಂಟು ಮೆತ್ತಬಹುದೇ? ಹೌದು. ಶಿಲ್ಪವನ್ನು ಆಸಿಡ್ ಹಾಕಿ ತೊಳೆಯಬಹುದೇ? ಹೌದು. ಬಂದವರು ಗೋಡೆ ಮೇಲೆ ಹೆಸರು ಕೆತ್ತಬಹುದೇ? ಅದಕ್ಕೂ ಹೌದು.

ಮೇಡಂ ಗಾಬರಿಯಾಗಿ ಪಕ್ಕದಲ್ಲಿ ನಿಂತು ನೋಡಿದರು. ಅವನು ಚಪ್ಪಲಿ ಬಿಟ್ಟು ಕೂತು, ಪ್ರತಿ ಪ್ರಶ್ನೆಗೂ ಮೊದಲು ಬಸವಣ್ಣನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. 'ಹೌದು' ಎನ್ನುವ ಬಟನ್ ಇದ್ದದ್ದು ಪಾದದ ಹತ್ತಿರ.

"ಯಾಕೋ ದೇವ್ರು ಇವತ್ತು ಒಲ್ಲೆ ಒಲ್ಲೆ ಅನ್ನಾಕತ್ಯಾನ್ರಿ" ಅಂದ.

ಮರುದಿನ ಮೇಡಂ ಪಾದದ ಹತ್ತಿರ 'ಇಲ್ಲ' ಇಟ್ಟರು. ನೂರಕ್ಕೆ ನೂರು ಬಂತು.

ಗಾಣ

ಪರೀಕ್ಷೆ ನಡೆದದ್ದು ಕುರುಗೋಡಿನಲ್ಲಿ, ಅದೇ ಮಂಟಪದ ನೆರಳಲ್ಲಿ. ಸಿಮೆಂಟಿನ ಮೇಸ್ತ್ರಿಗಳೂ ಬಂದು ಕೂತಿದ್ದರು. ಸುತ್ತ ಬಂಡೆಗುಡ್ಡಗಳು ಬಿಸಿಲಿಗೆ ತೂಕಡಿಸುತ್ತಿದ್ದವು. ಕೊನೆಯ ಪ್ರಶ್ನೆಗೆ ಮೇಡಂ ಗಾರೆ ಅರೆಯುವ ಗಾಣವನ್ನೇ ತೆರೆಯ ಮೇಲೆ ತಂದಿದ್ದರು: ದುಂಡನೆಯ ಕಾಲುವೆ, ಅದರಲ್ಲಿ ಸುತ್ತುವ ಕಲ್ಲು, ಕೆಳಗೆ 'ಹದ ಬಂದಾಗ ಒತ್ತಿ' ಎಂಬ ಬಟನ್.

ಗಾಣ ಎರಡು ಸುತ್ತು ಬರುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಎಲ್ಲರ ಮೊಬೈಲಿನಲ್ಲೂ ಒಂದು ಬಿಳಿ ಚಕ್ರ ಸುಮ್ಮನೆ ತಿರುಗತೊಡಗಿತು. ಕಾದು ಬೇಸತ್ತವರು ಸಿಕ್ಕಸಿಕ್ಕಲ್ಲಿ ಒತ್ತಿದರು, ಆಫ್ ಮಾಡಿ ಆನ್ ಮಾಡಿದರು. ಮೇಸ್ತ್ರಿ ಮಾತ್ರ ಅರೆಗಣ್ಣಲ್ಲಿ ಚಕ್ರ ನೋಡುತ್ತ, ಯಾವುದೋ ಕಾಲದ ಎತ್ತಿನ ಹಿಂದೆ ನಡೆಯುತ್ತಿರುವವನಂತೆ ಕೂತಿದ್ದ. ಒಮ್ಮೊಮ್ಮೆ ನಾಲಿಗೆಯಲ್ಲಿ 'ಹೈ, ಹೈ' ಎನ್ನುತ್ತಿದ್ದ.

ನಾನು ತಡೆಯಲಾರದೆ ಹೋಗಿ, "ಏನ್ ನೋಡಾಕತ್ತೀಯೋ?" ಅಂದೆ.

"ಗಾಣ ತಿರಗಾಕತ್ತೈತ್ರಿ ಸಾವ್ಕಾರ್ರ. ಇನ್ನಾ ಹದ ಬಂದಿಲ್ಲ."

"ಲೇ, ಅದು ನೆಟ್‌ವರ್ಕ್ ಇಲ್ಲದ್ದು."

"ಇರ್ಲಿ ಬಿಡ್ರಿ. ಹದ ಬರೋತನಕ ಕೈ ಹಚ್ಚಬಾರ್ದು."

ಬಿಸಿಲು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಸರಿಯಿತು. ಆಮೇಲೆ ನೆಟ್‌ವರ್ಕ್ ಬಂತು, ನಿಜವಾದ ಗಾಣ ಮೂಡಿತು, ಗಾರೆ ಬೆಣ್ಣೆಯಂತಾಯಿತು. ಮೇಸ್ತ್ರಿ ಒಂದು ಬೆರಳಲ್ಲಿ ಒತ್ತಿದ. ಬೇರೆಯವರ ಪರೀಕ್ಷೆಗಳು ಆಫ್ ಮಾಡಿದಾಗಲೇ ರದ್ದಾಗಿದ್ದವು. ಪಾಸಾದವನು ಅವನೊಬ್ಬನೇ.

"ಸರ್ಟಿಫಿಕೇಟ್ ನಿಮ್ಮ ಮೊಬೈಲಿಗೇ ಬರುತ್ತೆ ಅಜ್ಜಾ" ಅಂದರು ಮೇಡಂ, ಖುಷಿಯಲ್ಲಿ. "ಈಗಲೇ ನೋಡಿ."

ಅವನು ನೋಡಿದ. ಮೊಬೈಲನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟು, ಹೆಗಲ ಟವೆಲ್ ತೆಗೆದು ಹಾಸಿಕೊಂಡ.

"ಇನ್ನೊಂದು ಗಾಣ ಹೂಡ್ಯಾರ್ರಿ ಸಾವ್ಕಾರ್ರ. ನೀವು ಉಂಡು ಬರ್ರಿ."