ಉಸುಕಿನ ಉಸ್ತಾದ್

ಮರಳುಗಾಡಿನಲ್ಲಿ ಜೀಪು ಓಡಿಸುವುದನ್ನು ಕಲಿಯಬೇಕೆಂಬ ಮಹಾಸಂಕಲ್ಪವನ್ನು ಅಂಬಣ್ಣ ಕೈಗೊಂಡದ್ದು ರಾಯಚೂರಿನ ತನ್ನ ಮನೆಯ ಕಟ್ಟೆಯ ಮೇಲೆ, ಬಸಿಯೊಳಗಿನ ಚಹಾ ಆರುವುದರೊಳಗೆ. ಎಂಬತ್ತೆರಡನೆಯ ಇಸವಿಯ ಫೆಬ್ರವರಿ. ಅವನಿಗೆ ಆಗ ನಲವತ್ತು. ಹತ್ತಿ ಜಿನ್ನಿಂಗ್ ಮಿಲ್ಲಿನ ಲಾರಿಯನ್ನು ಹದಿನಾರು ವರ್ಷದಿಂದ ಓಡಿಸುತ್ತಿದ್ದ. ಅರಳೆ ಹೇರಿಕೊಂಡು ಸೊಲ್ಲಾಪುರಕ್ಕೆ ಹೋಗುವುದು, ಬಂದು ಮಲಗುವುದು, ಎದ್ದು ಮತ್ತೆ ಹೋಗುವುದು. (ಅವನ ಇಬ್ಬರು ಹೆಣ್ಣುಮಕ್ಕಳು ಸಣ್ಣವರಿದ್ದಾಗ ಲಾರಿಯ ಹಾರ್ನ್ ಕೇಳಿದರೆ ‘ಅಪ್ಪ’ ಎಂದು ಕುಣಿಯುತ್ತಿದ್ದರಂತೆ, ಅಪ್ಪನ ಮುಖ ಕಂಡರೆ ಅಳುತ್ತಿದ್ದರಂತೆ.)

ಆವತ್ತು ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಕೂತಿದ್ದವನು ಎದುರು ಮನೆಯ ಅಬ್ದುಲ್ ವಹೀದ್. ಆರು ವರ್ಷದಿಂದ ಅರಬರ ಮರಳುಗಾಡಿನಲ್ಲಿ ಎಣ್ಣೆ ಬಾವಿ ತೋಡುವ ಕಂಪನಿಯೊಂದಕ್ಕೆ ಜೀಪು ಓಡಿಸುತ್ತಿದ್ದ. ಗೇರು ಹಾಕುವ ಕೈ ಮುರಿದುಕೊಂಡು ನಾಲ್ಕು ತಿಂಗಳು ರಜೆಯ ಮೇಲೆ ಊರಿಗೆ ಬಂದಿದ್ದ.

“ಲಾರಿ ಡ್ರೈವರುಗಳು ಅಲ್ಲಿ ಬಂದ ಮೊದಲನೇ ದಿನಾನೇ ಹೂತು ಹೋಗ್ತಾರ, ಅಂಬಣ್ಣ,” ಎಂದ ವಹೀದ್. “ರೋಡಿದ್ದಲ್ಲಿ ಯಾರರೆ ಓಡಸ್ತಾರ. ಕಂಪನಿಗೆ ಉಸುಕಿನ್ಯಾಗ ಓಡಸೋರು ಬೇಕಾಗ್ಯಾರ. ಮೇ ತಿಂಗಳದಾಗ ಹೈದ್ರಾಬಾದಿನ್ಯಾಗ ಪರೀಕ್ಷಾ ಇಡ್ತಾರಂತ.”

“ಉಸುಕಂದ್ರ ನಮ್ಮ ಗೂಗಲ್ ಹೊಳ್ಯಾಗ ಬೇಕಾದಷ್ಟು ಬಿದ್ದದಲ್ಲೋ!” ಎಂದು ಅಂಬಣ್ಣ ಬಸಿ ಕೆಳಗಿಟ್ಟ.

ಗೂಗಲ್ ಅವನ ಹೆಂಡತಿ ಬೂದೆಮ್ಮನ ತವರು. ದೇವದುರ್ಗ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿನ ಊರು. ಬೇಸಿಗೆಯಲ್ಲಿ ಹೊಳೆ ಒಂದು ಮಗ್ಗುಲಿಗೆ ಸರಿದು, ಉಳಿದ ಜಾಗವನ್ನೆಲ್ಲ ಮರಳಿಗೆ ಬಿಟ್ಟುಕೊಡುತ್ತಿತ್ತು.

ಬೂದೆಮ್ಮ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. “ಎಷ್ಟು ವರ್ಷದ ನೌಕರಿ?” ಎಂದು ಕೇಳಿದಳು.

“ಮೂರು ವರ್ಷ, ಅಕ್ಕಾ.”

ಅವಳು ಮೊರದೊಳಗಿನ ಹೊಟ್ಟನ್ನು ಊದಿದಳು. “ಅಲ್ಲಿ ಹೊಳಿ ಅದ ಏನು?”

“ಹೊಳಿ ಎಲ್ಲಿಂದ ಬರಬೇಕು? ಬರೇ ಉಸುಕು.”

“ಹೊಳಿ ಇಲ್ಲದ ಉಸುಕು ಎಲ್ಲಿಂದ ಬಂತು?”

ಆರು ವರ್ಷ ಅಲ್ಲಿದ್ದ ವಹೀದನಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಅವನು ಗಡ್ಡ ಕೆರೆದುಕೊಂಡ. ಬೂದೆಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ಅಂಬಣ್ಣನಿಗೆ ಒಳಗೊಳಗೇ ನಿರಾಸೆಯಾಯಿತು. ಹೆಂಡತಿ ಬೇಡವೆಂದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಗೆದ್ದು ಹೋಗುವುದಕ್ಕೂ ಸುಮ್ಮನೆ ಹೋಗುವುದಕ್ಕೂ ವ್ಯತ್ಯಾಸವಿದೆ.

ಕಲಿಯುವುದಕ್ಕೆ ಒಂದು ಜೀಪು ಬೇಕಲ್ಲ. ಮುಂದಿನ ವಾರ ಒಂದು ಸರ್ಕಾರಿ ಕಚೇರಿಯ ಹಿಂದೆ ಹಳೆಯ ಜೀಪುಗಳ ಹರಾಜಿತ್ತು. ಮೂವರೂ ಹೋದರು. ಮಾರಾಟಕ್ಕೆ ನಿಂತದ್ದು ಎರಡು. ಒಂದು ಹಸಿರು ಬಣ್ಣ ಬಳಿದುಕೊಂಡು, ಕನ್ನಡಿ ಹೊಳೆಯುತ್ತ, ಮದುಮಗನಂತೆ ನಿಂತಿತ್ತು. ಇನ್ನೊಂದರ ತಾಡಪತ್ರಿ ಹರಿದಿತ್ತು, ಬಾಗಿಲಿರಲಿಲ್ಲ, ಕೋಳಿಯೊಂದು ಹಿಂದಿನ ಸೀಟಿನಲ್ಲಿ ಮೊಟ್ಟೆಯಿಡುವ ಸಿದ್ಧತೆಯಲ್ಲಿತ್ತು. ಅಂಬಣ್ಣ ಹಸಿರಿನದರ ಸುತ್ತ ಎರಡು ಸುತ್ತು ಬಂದು, ಹಾರ್ನ್ ಒತ್ತಿ, ಮನಸ್ಸು ಕೊಟ್ಟುಬಿಟ್ಟ.

“ಮೈ ತೊಳದಿದ್ದು ನೋಡಿ ಎಮ್ಮಿ ತರ್ತಾರೇನ್ರಿ?” ಎಂದಳು ಬೂದೆಮ್ಮ. “ಕೆಳಗ ಬಗ್ಗಿ ನೋಡ್ರಿ ಮೊದಲ.”

“ಗಾಡಿ ವಿಷಯ ನಿನಗೇನ್ ತಿಳೀತದ? ಇದರಾಗ ನಾಕೂ ಗಾಲಿಗೆ ತಾಕತ್ತು ಕೊಡೋ ಲಿವರ್ ಅದ. ನೋಡು, ಹೆಂಗ ಬೆಣ್ಣಿಗತೆ ಬೀಳ್ತದ!”

ಲಿವರ್ ಬೆಣ್ಣೆಯಂತೆ ಬೀಳುತ್ತಿದ್ದುದೇನೋ ನಿಜ. ಬೂದೆಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೂತು, ಹಸಿರು ಜೀಪಿನ ಹೊಟ್ಟೆಯ ಕೆಳಗೆ ಇಣುಕಿದಳು. ಆಮೇಲೆ ಕೋಳಿ ಕೂತಿದ್ದ ಜೀಪಿನ ಕೆಳಗೂ ಇಣುಕಿದಳು. “ವಹೀದಣ್ಣ, ಕೋಳಿ ಜೀಪಿನ ಕೆಳಗ ಮುಂದಕ್ಕೊಂದು, ಹಿಂದಕ್ಕೊಂದು ಉದ್ದಾನ ರಾಡು ಅದಾವ. ಈ ಹಸರದಕ್ಕ ಹಿಂದಿಂದು ಒಂದೇ ಅದ. ಇನ್ನೊಂದು ಎಲ್ಲಿ ಹೋತು?”

ವಹೀದ್ ಬಗ್ಗಿ ನೋಡಿ ನಗತೊಡಗಿದ. ಮುಂದಿನ ಗಾಲಿಗೆ ಶಕ್ತಿ ಒಯ್ಯುವ ಶಾಫ್ಟನ್ನೇ ಯಾರೋ ಎಂದೋ ಬಿಚ್ಚಿಕೊಂಡು ಹೋಗಿದ್ದರು. ಲಿವರ್ ಬೆಣ್ಣೆಯಂತೆ ಬೀಳುತ್ತಿದ್ದುದು ಅದಕ್ಕೆ ಎಳೆಯುವ ಕೆಲಸವೇ ಇಲ್ಲದ್ದರಿಂದ. ಕೋಳಿಯ ಜೀಪು ಮನೆಗೆ ಬಂತು. (ಆರಿಸಿದವನು ತಾನೇ ಎಂದು ಅಂಬಣ್ಣ ಮಿಲ್ಲಿನಲ್ಲಿ ಹೇಳಿಕೊಂಡ. ಬೂದೆಮ್ಮ ತಕರಾರು ಮಾಡಲಿಲ್ಲ.)

ಆಮೇಲೆ ಶುರುವಾಯಿತು ಜೀಪಿನ ಸೇವೆ. ಮರಳುಗಾಡಿನಲ್ಲಿ ಗಾಡಿಯನ್ನು ಕೊಲ್ಲುವುದು ಉಸುಕಲ್ಲ, ದೂಳು ಎಂದು ವಹೀದ್ ಹೇಳಿದ. ಎಂಜಿನ್ನು ಉಸಿರೆಳೆಯುವ ಜಾಗದಲ್ಲಿ ಒಂದು ಎಣ್ಣೆಯ ಬಟ್ಟಲಿರುತ್ತದೆ, ದೂಳು ಅದರಲ್ಲಿ ಅಂಟಿಕೊಳ್ಳುತ್ತದೆ, ಅದನ್ನು ದಿನವೂ ತೊಳೆಯಬೇಕು. ರೇಡಿಯೇಟರಿನ ನೀರು ನೋಡಬೇಕು. ಪೆಟ್ರೋಲನ್ನು ಸೋಸಿ ಹಾಕಬೇಕು. ಅವನು ಹೇಳಿದ್ದನ್ನೆಲ್ಲ ಏಳನೆಯ ಇಯತ್ತೆ ಓದಿದ್ದ ಬೂದೆಮ್ಮ ಮಗಳ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಅಂಬಣ್ಣನಿಗೆ ಮಿಲ್ಲಿನ ಲಾರಿ ತಪ್ಪಿರಲಿಲ್ಲವಾದ್ದರಿಂದ ಬಟ್ಟಲು ತೊಳೆಯುವುದೂ ಅವಳ ಪಾಲಿಗೇ ಬಂತು. ರೇಷನ್ನಿನ ಚಿಮಣಿ ಎಣ್ಣೆಯೆಲ್ಲ ಅದಕ್ಕೇ ಖರ್ಚಾಗಿ, ಸ್ಟೋವು ತಿಂಗಳ ಕೊನೆಯ ವಾರ ಮೌನವ್ರತ ಹಿಡಿಯಿತು.

ಒಂದು ಸಂಜೆ ಅಂಬಣ್ಣ ಊಟದ ನಡುವೆ ತುತ್ತು ನಿಲ್ಲಿಸಿದ. “ಏನಲೇ ಇದು, ಸಾರಿಗೆ ಗ್ಯಾರೇಜಿನ ವಾಸನಿ ಬರ್ತದ?”

“ಸಾರಿಗಲ್ರಿ, ನನ್ನ ಕೈಗೆ. ಮೂರು ಸಲ ಶೀಗೀಕಾಯಿ ಹಚ್ಚಿ ತೊಳಕೊಂಡೀನಿ. ನಿಮ್ಮ ಅರಬಸ್ತಾನ ಹೋಗವಲ್ದು.”

ಭಾನುವಾರ ಬೆಳಗಾದರೆ ಗಂಡ ಹೆಂಡತಿ ಇಬ್ಬರೇ ಗೂಗಲ್‌ಗೆ ಹೊರಡುತ್ತಿದ್ದರು. ಮಕ್ಕಳನ್ನು ವಹೀದನ ತಾಯಿ ನೂರ್ ಬೀ ನೋಡಿಕೊಳ್ಳುತ್ತಿದ್ದಳು. ಮೊದಲನೆಯ ಭಾನುವಾರ ಅಂಬಣ್ಣ ಹೊಳೆಯ ದಂಡೆಯಿಂದ ಠೀವಿಯಾಗಿ ಮರಳಿಗಿಳಿದ. ನಲವತ್ತು ಹೆಜ್ಜೆ ಹೋಗಿರಬಹುದು. ಜೀಪು ಒಮ್ಮೆ ನಿಟ್ಟುಸಿರಿಟ್ಟು ನಿಂತಿತು. ಅಂಬಣ್ಣ ಎಕ್ಸಿಲರೇಟರ್ ಒತ್ತಿದ. ಗಾಲಿ ಗಿರ್ರನೆ ತಿರುಗಿ ತನ್ನ ಹೊಂಡವನ್ನು ತಾನೇ ತೋಡಿಕೊಂಡಿತು. ಇನ್ನಷ್ಟು ಒತ್ತಿದ. ಜೀಪು ಹೊಟ್ಟೆಯ ಮೇಲೆ ಕೂತಿತು.

ಬೂದೆಮ್ಮನ ತಮ್ಮ ತಾಯಣ್ಣ ದಂಡೆಯ ಮೇಲೆ ನಿಂತು ನೋಡುತ್ತಿದ್ದ. “ಮಾವಾ, ಅರಬಸ್ತಾನಕ್ಕ ಕೆಳಗಿಂದ ಹೊಂಟೀರೇನು?” ಎಂದು ಕೂಗಿ, ಎತ್ತು ತಂದು ಜೀಪನ್ನು ಎಳೆದ. ಹದಿನಾರು ವರ್ಷದ ಡ್ರೈವರಿಕೆಯನ್ನು ಎರಡು ಎತ್ತುಗಳು ಹಿಂದುಮುಂದಾಗಿ ಎಳೆದುಕೊಂಡು ಹೋಗುವುದನ್ನು ಅರ್ಧ ಊರು ನೋಡಿತು.

ಬೂದೆಮ್ಮ ನಗಲಿಲ್ಲ. ನೋಟುಬುಕ್ಕು ತೆಗೆದು ಓದಿದಳು. “ಉಸುಕಿಗೆ ಇಳಿಯೋ ಮುಂಚೆ ಟೈರಿನ ಗಾಳಿ ಅರ್ಧ ಬಿಡಬೇಕು. ಟೈರು ಅಗಲಾಗಿ ಒಂಟೆ ಪಾದದ್ಹಂಗ ಆಗ್ತದ. ಇದನ್ನ ಮರೆತ್ರಿ.” ಆಮೇಲೆ ಚಪ್ಪಲಿ ಬಿಟ್ಟು ತಾನೇ ಮರಳಿನಲ್ಲಿ ಮುಂದೆ ನಡೆದಳು. ಮದುವೆಯಾಗುವವರೆಗೂ ಇದೇ ಹೊಳೆಯಲ್ಲಿ ಉಸುಕು ತೋಡಿ, ಒರತೆಯ ನೀರು ಕೊಡಕ್ಕೆ ತುಂಬಿದವಳು ಅವಳು. ಎಲ್ಲಿ ಉಸುಕು ಒಳಗೆ ತೇವ ಹಿಡಿದು ಗಟ್ಟಿಯಾಗಿದೆ, ಎಲ್ಲಿ ಮೇಲೆ ನುಣ್ಣಗಿದ್ದು ಒಳಗೆ ಪೊಳ್ಳಾಗಿದೆ ಎಂಬುದು ಅವಳ ಅಂಗಾಲಿಗೆ ಗೊತ್ತಿತ್ತು. ಅವಳು ನಡೆದಲ್ಲೆಲ್ಲ ಜೀಪು ಹಿಂದೆ ಬಂತು, ಕರು ಬಂದ ಹಾಗೆ.

ಮುಂದಿನ ಭಾನುವಾರಗಳಲ್ಲಿ ಅವಳು ನಡೆಯುವುದನ್ನು ಬಿಟ್ಟು ಎಡಗಡೆಯ ಸೀಟಿನಲ್ಲಿ ಕೂತಳು. ಕೂತಲ್ಲಿಂದಲೇ ಹೇಳುತ್ತಿದ್ದಳು. “ಎಡಕ್ಕ ಹಿಡೀರಿ… ಬ್ರೇಕ್ ಒತ್ತಬ್ಯಾಡ್ರಿ… ಬಿಡಬ್ಯಾಡ್ರಿ, ಹಂಗೇ ಹೋಗ್ರಿ… ಈಗ ಮೆಲ್ಲಕ ತಿರುವ್ರಿ.” ಅಂಬಣ್ಣ ಮೊದಮೊದಲು ಸಿಡುಕಿದ, ಆಮೇಲೆ ಕೇಳಿದ, ಆಮೇಲೆ ಕೇಳುತ್ತಿರುವುದೇ ಅವನಿಗೆ ಮರೆತುಹೋಯಿತು. ಏಪ್ರಿಲ್ ಬರುವಷ್ಟರಲ್ಲಿ ಜೀಪು ಮರಳಿನ ಮೇಲೆ ದೋಣಿಯಂತೆ ತೇಲುತ್ತಿತ್ತು.

ಮಧ್ಯಾಹ್ನ ಬಿಸಿಲೇರಿದಾಗ ಜೀಪಿನ ನೆರಳಿನಲ್ಲಿ ಕೂತು ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದರು. ಊಟವಾದ ಮೇಲೆ ಅಂಬಣ್ಣ ಕಾಲಿನ ಪಂಪಿನಿಂದ ಟೈರಿಗೆ ಗಾಳಿ ತುಂಬುತ್ತಿದ್ದ, ಅವಳು ಎಣಿಸುತ್ತಿದ್ದಳು. ಒಂದು ದಿನ ಪಂಪು ಒತ್ತುತ್ತಲೇ ಅವನಿಗೆ ಒಂದು ವಿಚಿತ್ರ ವಿಷಯ ಹೊಳೆಯಿತು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ತಾವಿಬ್ಬರೇ ಹೀಗೆ ಇಡೀ ದಿನ ಕೂತದ್ದು ಇದೇ ಮೊದಲು. ಹೆಂಡತಿಗೆ ಉಪ್ಪಿನಕಾಯಿಯ ಹುಳಿಗಿಂತ ಖಾರ ಇಷ್ಟವೆಂದು ಗೊತ್ತಾದದ್ದೂ ಇಲ್ಲಿಯೇ. ಅವಳು ನಗುವಾಗ ಮೂಗಿನಿಂದ ಸಣ್ಣದೊಂದು ಸದ್ದು ಬರುತ್ತದೆಂದು ತಿಳಿದದ್ದೂ ಇಲ್ಲಿಯೇ. ಊರು ಬಿಟ್ಟು ಹೋಗುವ ವಿದ್ಯೆ ಕಲಿಯುತ್ತ ಮನೆಯವಳ ಪರಿಚಯವಾಗುತ್ತಿದೆಯಲ್ಲ ಎನಿಸಿ, ಪಂಪಿನ ಮೇಲಿನ ಕಾಲು ನಿಂತಿತು.

“ಯಾಕ್ರಿ, ಮೂವತ್ತೆಂಟಕ್ಕ ನಿಂತ್ರಿ?” ಎಂದಳು ಬೂದೆಮ್ಮ.

“ಏನಿಲ್ಲ. ದಮ್ಮು ಬಂತು,” ಎಂದು ಅವನು ಮತ್ತೆ ಒತ್ತತೊಡಗಿದ. ಅವಳು ಏನಾದರೂ ಹೇಳಬಹುದೇ ಎಂದು ಕಾದ. ಅವಳು ಮೂವತ್ತೊಂಬತ್ತು ಎಂದಳು.

ಮೇ ತಿಂಗಳ ಎರಡನೆಯ ವಾರ ಅಂಬಣ್ಣ ಬಸ್ಸು ಹತ್ತಿ ಹೈದರಾಬಾದಿಗೆ ಹೋದ. ಊರ ಹೊರಗಿನ ಬಯಲಿನಲ್ಲಿ ಲಾರಿಗಟ್ಟಲೆ ಮರಳು ಸುರಿದು ಏರು ಇಳಿವು ಮಾಡಿದ್ದರು. ಇಪ್ಪತ್ತು ಜನ ಡ್ರೈವರುಗಳು ಸಾಲಾಗಿ ನಿಂತಿದ್ದರು. ಅಂಬಣ್ಣನ ಸರದಿ ಬಂತು. ಅವನು ಕೆಳಗಿಳಿದು ನಾಲ್ಕೂ ಟೈರಿನ ಗಾಳಿ ಹದವಾಗಿ ಬಿಟ್ಟ, ಬಾನೆಟ್ ಎತ್ತಿ ಎಣ್ಣೆಯ ಬಟ್ಟಲು ನೋಡಿದ, ಲಿವರ್ ಹಾಕಿದ. ಪರೀಕ್ಷಕ ಖುಷಿಯಾಗಿ ಅವನ ಎಡಗಡೆಗೆ ಹತ್ತಿ ಕೂತು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡ.

ಅರ್ಧ ದಾರಿ ಜೀಪು ತೇಲಿತು. ನಡುವೆ ಒಂದು ತಿರುವು ಬಂತು. ಅಂಬಣ್ಣ ಎಡಕ್ಕೆ ಕಿವಿ ವಾಲಿಸಿ ಕಾದ. ಎಡಗಡೆಯಿಂದ ಯಾವ ಮಾತೂ ಬರಲಿಲ್ಲ. ಇನ್ನೂ ಒಂದು ಗಳಿಗೆ ಕಾದ, ಕಾಯುತ್ತ ಕಾಯುತ್ತ ಕಾಲು ಸಡಿಲಾಯಿತು. ಜೀಪು ನಿಟ್ಟುಸಿರಿಟ್ಟು ಕೂತಿತು.

ಪರೀಕ್ಷಕ ಹೈದರಾಬಾದಿ ಮಾತಿನಲ್ಲಿ ಕೇಳಿದ, “ಹೂತಿತಲ್ಲ, ಈಗ ಮೊದಲು ಏನು ಮಾಡ್ತೀ?”

“ಬಾಜೂಕ ಕುಂತೋರನ್ನ ಕೇಳ್ತೀನ್ರಿ.” ಬಾಯಿಂದ ಬಂದುಹೋಗಿತ್ತು.

ಹೊರಗೆ ನಿಂತಿದ್ದ ಡ್ರೈವರುಗಳು ಕೊಳ್ಳೆಂದು ನಕ್ಕರು. ಪರೀಕ್ಷಕ ನಗಲಿಲ್ಲ. “ಬಾಜೂಕ ಯಾರು ಕೂತಿರ್ತಿದ್ರು ನಿನಗೆ?”

ಇಪ್ಪತ್ತು ಜನ ಗಂಡಸರ ಮುಂದೆ ನಿಜ ಹೇಳುವುದು ಹೇಗೆ? “ನಮ್ಮ ಉಸ್ತಾದರು.”

“ಹೆಸರು?”

“ಬೂದ…” ಎಂದು ಅಂಬಣ್ಣ ಉಗುಳು ನುಂಗಿದ. “ಬೂದಪ್ಪ.”

“ಯಾವೂರು?”

“ಗೂಗಲ್ ರೀ.”

ಪರೀಕ್ಷಕ ಅದನ್ನೂ ಬರೆದುಕೊಂಡು, ಅಂಬಣ್ಣನ ಹೆಸರಿನ ಮೇಲೆ ಗೀಟು ಎಳೆದ.

ಮನೆಗೆ ಬಂದವನು ಬೂದೆಮ್ಮನಿಗೆ, “ನಾ ಹೋಗೋದ್ರಾಗ ಜಾಗ ಎಲ್ಲಾ ಭರ್ತಿ ಆಗಿದ್ವು,” ಎಂದ. ಅವಳು “ಹೌದೇನ್ರಿ” ಎಂದಳು. ಆವತ್ತು ರೊಟ್ಟಿಯ ಮೇಲೆ ಬಿದ್ದ ಬೆಣ್ಣೆ ದಿನದ್ದಕ್ಕಿಂತ ದೊಡ್ಡದಿತ್ತು. ಅದು ಸಮಾಧಾನದ ಬೆಣ್ಣೆಯೋ ಸಂತೋಷದ ಬೆಣ್ಣೆಯೋ ಎಂದು ಅವನಿಗೆ ಬಗೆಹರಿಯಲಿಲ್ಲ. ತನಗೇಕೆ ದುಃಖವಾಗುತ್ತಿಲ್ಲ ಎಂಬುದೂ ಬಗೆಹರಿಯಲಿಲ್ಲ.

ಎಂಟು ದಿನ ಕಳೆದು ಒಂದು ಬೆಳಿಗ್ಗೆ ವಹೀದ್ ಉರ್ದು ಕಾಗದವೊಂದನ್ನು ಹಿಡಿದು ರಸ್ತೆ ದಾಟಿ ಓಡಿಬಂದ. ಅವನ ಕೈಗಿದ್ದ ಪಟ್ಟಿ ಬಿಚ್ಚಿದ್ದರು. “ಅಂಬಣ್ಣ, ಕಂಪನಿಯೋರು ನನಗ ಬರದಾರ, ಕೇಳಿಲ್ಲಿ! ‘ನೀನು ಕಳಿಸಿದ ಡ್ರೈವರು ಗಾಡಿಯನ್ನು ಮಗುವಿನಂತೆ ನೋಡಿಕೊಳ್ಳುತ್ತಾನೆ, ಆದರೆ ಇನ್ನೊಬ್ಬರು ಹೇಳದೆ ಓಡಿಸಲಾರ. ಇಂಥವನನ್ನೇ ಅಷ್ಟು ದೂರ ತಯಾರು ಮಾಡಿದ ಇವನ ಉಸ್ತಾದ್, ಗೂಗಲ್ಲಿನ ಬೂದಪ್ಪ ಸಾಹೇಬರನ್ನು ಕೂಡಲೇ ಕಳಿಸಿಕೊಡು. ಅವರಿಗೆ ಪರೀಕ್ಷೆ ಬೇಕಿಲ್ಲ. ಇಮ್ಮಡಿ ಪಗಾರ.’ ಈ ಬೂದಪ್ಪ ಯಾರೋ ಮಾರಾಯ? ನನಗ ಗೊತ್ತಿಲ್ಲದ ಉಸ್ತಾದು?”

ಕಟ್ಟೆಯ ಮೇಲೆ ಕೂತಿದ್ದ ಅಂಬಣ್ಣ ಜೀಪಿನ ಗಾಲಿಯನ್ನು ನೋಡುತ್ತಿದ್ದ. ಬೂದೆಮ್ಮ ಗಂಡನನ್ನು ನೋಡುತ್ತಿದ್ದಳು. ಆಮೇಲೆ ಅವಳ ಮೂಗಿನಿಂದ ಆ ಸಣ್ಣ ಸದ್ದು ಬಂತು.

“ಜಾಗ ಭರ್ತಿ ಆಗಿದ್ವು ಅಂದ್ರಿ? ಬೂದಪ್ಪಗ ಒಂದು ಉಳದದಲ್ಲ!” ವಹೀದನ ಕಡೆ ತಿರುಗಿದಳು. “ಯಾವಾಗ ಹೊಂಡಬೇಕಂತ?”

ವಹೀದನಿಗೆ ಈಗ ಅರ್ಥವಾಯಿತು. ಅವನು ಕಾಗದದಿಂದ ಬಾಯಿ ಮುಚ್ಚಿಕೊಂಡ.

“ನೀ ಹೋಗಬ್ಯಾಡ!” ಎಂದುಬಿಟ್ಟ ಅಂಬಣ್ಣ. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೇ ತಿಳಿದು, ಕಿವಿಯವರೆಗೆ ಕೆಂಪಾದ.

ಬೂದೆಮ್ಮನ ನಗು ನಿಂತಿತು. “ಮೂರು ತಿಂಗಳಿಂದ ನಾನೂ ಅದೇ ಮಾತು ಗಂಟಲಾಗ ಇಟಗೊಂಡು ಕುಂತಿದ್ದೆ,” ಎಂದಳು. “ನಿಮ್ಮ ಆಸಿಗೆ ಅಡ್ಡ ಬರಬಾರದಂತ ನುಂಗಿದ್ದೆ. ನಿಮಗ ನೋಡ್ರಿ, ಒಂದು ಗಳಿಗಿ ತಡೀಲಿಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊಸ್ತಿಲ ಮೇಲೆ ನೆಟ್ಟಗೆ ಕೂತಳು. “ಬರಕೋ, ವಹೀದಣ್ಣ. ‘ಬೂದಪ್ಪ ಉಸ್ತಾದರಿಗೆ ಬರಾಕ ಆಗೂದಿಲ್ಲ. ಅವರ ಕೈಯಾಗ ಒಬ್ಬ ಡ್ರೈವರ್ ಅದಾನ. ಅವ ಇನ್ನಾ ಪೂರಾ ಕಲ್ತಿಲ್ಲ.’”

ವಹೀದ್ ಅಕ್ಷರ ಬಿಡದೆ ಬರೆದ. ಕೆಳಗೆ ಸಹಿ ಬೇಕೆಂದ. ಬೂದೆಮ್ಮ ಪೆನ್ನು ಇಸಿದುಕೊಂಡು ದುಂಡಗಿನ ಕನ್ನಡದಲ್ಲಿ ‘ಬೂದಪ್ಪ’ ಎಂದು ಬರೆದು, ಲಕೋಟೆ ಅಂಟಿಸಿ, ಗಂಡನ ಕೈಗಿಟ್ಟಳು. ಅಂಬಣ್ಣ ಜೀಪಿನ ಕಡೆ ನಡೆದು ಸ್ಟೀರಿಂಗಿನ ಹಿಂದೆ ಹತ್ತಿ ಕೂತ.

“ನಡಕೊಂತ ಹೋಗ್ರಿ,” ಎಂದಳು ಬೂದೆಮ್ಮ. “ಪೋಸ್ಟಾಫೀಸಿನ ಮುಂದ ಗೋಡಿ ಕಟ್ಟಾಕ ಉಸುಕು ಸುರವ್ಯಾರ. ನಾ ಸಂಗಾಟ ಬರಂಗಿಲ್ಲ, ಒಲಿ ಮ್ಯಾಲ ಬ್ಯಾಳಿ ಇಟ್ಟೀನಿ.”