ಟಿಕಳಿ ಅಂಟಿಸಿದ ಸಾಲು

ನಡುವಯಸ್ಸಿನಲ್ಲಿ ಬರುವ ರೋಗಗಳಲ್ಲಿ ಸಕ್ಕರೆಗೂ ಬಿ.ಪಿ.ಗೂ ಗುಳಿಗೆಗಳಿವೆ. ಎಂ.ಎ. ಮಾಡಬೇಕೆಂಬ ರೋಗಕ್ಕೆ ಮಾತ್ರ ಯಾರೂ ಇನ್ನೂ ಔಷಧಿ ಕಂಡುಹಿಡಿದಂತಿಲ್ಲ. ನನಗದು ನಲವತ್ತಾರನೇ ವಯಸ್ಸಿನಲ್ಲಿ ತಗುಲಿತು. ನಾಸಿಕಿನ ಅಂಬಡ್‌ನ ಕಾರ್ಖಾನೆಯೊಂದರಲ್ಲಿ ನಟ್ಟು ಬೋಲ್ಟುಗಳ ಸ್ಟೋರ್ ಕಾಯುವವನಿಗೆ ವಿಶ್ವಸಾಹಿತ್ಯವೇ ಯಾಕೆ ಬೇಕಾಯಿತು ಎಂದು ನೀವು ಕೇಳಬಹುದು. ಅರ್ಜಿಯಲ್ಲಿದ್ದ ವಿಷಯಗಳಲ್ಲಿ ಲೆಕ್ಕ ಬಾರದವನೂ ಪಾಸಾಗಬಹುದು ಎನಿಸಿದ್ದು ಅದೊಂದೇ. ಜೊತೆಗೆ, ಬೀದರಿನಿಂದ ಬಂದ ನೆಂಟರ ಮುಂದೆ ಆ ಹೆಸರು ಹೇಳಿದಾಗ ಅವರು ಚಹಾ ಕುಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡುತ್ತಿದ್ದರು. ಅಷ್ಟು ಹೊತ್ತು ನನ್ನನ್ನು ಯಾರೂ ನೋಡಿದ್ದಿಲ್ಲ.

ತಿಂಗಳಿಗೆರಡು ಭಾನುವಾರ ಛತ್ರಪತಿ ಸಂಭಾಜಿನಗರದಲ್ಲಿ ತರಗತಿ. ಸೇರಿದವರು ಒಂಬತ್ತು ಜನ. ಹತ್ತಾಗದಿದ್ದರೆ ತರಗತಿಯನ್ನೇ ಮುಚ್ಚುತ್ತಾರೆಂದು ಪಾಠ ಹೇಳುವ ಸರ್ ಫೋನು ಮಾಡಿ, ಮನೆಯಲ್ಲಿ ಬಿ.ಎ. ಆದವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಮರಾಠಿಯಲ್ಲಿ ಅಳುವ ದನಿಯಲ್ಲಿ ಕೇಳಿದರು. ನನ್ನ ಹೆಂಡತಿ ಸುವರ್ಣಾ ಕಲಬುರಗಿಯಲ್ಲಿ ಬಿ.ಎ. ಮಾಡಿದವಳು ಎಂಬುದು ನನಗೆ ಆಗ ನೆನಪಾಯಿತು. ಅವಳ ಸರ್ಟಿಫಿಕೇಟು ಹದಿನೆಂಟು ವರ್ಷದಿಂದ ಟ್ರಂಕಿನಲ್ಲಿ ಮದುವೆಯ ಸೀರೆಯ ಕೆಳಗೆ ಮಲಗಿತ್ತು. “ಬರೇ ಹೆಸರಿಗಷ್ಟ. ನೀ ಏನೂ ಓದೋದು ಬ್ಯಾಡ,” ಎಂದೆ. ಅವಳು ಅರ್ಜಿಗೆ ಸಹಿ ಮಾಡಿ, “ಓದಿದ್ರ ನಡೀತದೇನ್ರಿ?” ಎಂದು ಕೇಳಿದಳು. ನಡೀತದ ಎಂದೆ. ಉದಾರವಾಗಿಯೇ ಹೇಳಿದೆ ಎಂದು ನೆನಪು.

ಇಬ್ಬರಿಗೂ ಸೇರಿ ಝೆರಾಕ್ಸ್ ಪುಸ್ತಕಗಳ ಒಂದೇ ಕಟ್ಟು. ನಾನು ಊಟವಾದ ಮೇಲೆ ಅದನ್ನು ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋಗುತ್ತಿದ್ದೆ. ಅವಳು ಕುಕ್ಕರಿನ ಎರಡು ಸೀಟಿಗಳ ನಡುವೆ ಓದುತ್ತಿದ್ದಳು. ಮನಸ್ಸಿಗೆ ಚುಚ್ಚಿದ ಸಾಲು ಬಂದರೆ ಹಣೆಯ ಟಿಕಳಿ ಕಿತ್ತು ಆ ಸಾಲಿನ ಪಕ್ಕ ಅಂಟಿಸುತ್ತಿದ್ದಳು. ಪೆನ್ಸಿಲ್ ಇಲ್ಲವೇ ಎಂದರೆ, “ಪೆನ್ಸಿಲ್ ಹುಡುಕೂತನ ಸಾಲು ಆರಿ ಹೋಗ್ತದರಿ,” ಎನ್ನುತ್ತಿದ್ದಳು. ಕೆಲವೇ ತಿಂಗಳಲ್ಲಿ ಜಗತ್ತಿನ ಸಾಹಿತ್ಯಕ್ಕೆಲ್ಲ ಮುತ್ತೈದೆತನ ಬಂದಿತ್ತು. ಹಣೆ ಖಾಲಿ ಇಟ್ಟುಕೊಂಡು ತಿರುಗಬೇಡ ಎಂದು ನಾನೊಮ್ಮೆ ಗದರಿದ್ದೂ ಉಂಟು. ಅವಳ ಓದಿನಲ್ಲಿ ನಾನು ವಹಿಸಿದ ಆಸಕ್ತಿ ಅಷ್ಟೇ.

ವರ್ಷದ ಕೊನೆಗೆ ಒಂದು ದೊಡ್ಡ ಪ್ರಬಂಧ ಬರೆದೊಪ್ಪಿಸಬೇಕಿತ್ತು. ಓದಿದ ಪರದೇಶದ ಕಾದಂಬರಿಯೊಂದರ ಮನೆಯನ್ನು ತನಗೆ ಗೊತ್ತಿರುವ ಮನೆಯ ಜೊತೆ ಹೋಲಿಸುವುದು. ಒಪ್ಪಿಸದಿದ್ದರೆ ವರ್ಷವೇ ಹೋಯಿತು. ಕೊನೆಯ ದಿನವೇ ನನ್ನ ಅವ್ವನ ಕಣ್ಣಿನ ಆಪರೇಷನ್ ಬಂತು. ಅವ್ವ ನನ್ನವಳಾದ್ದರಿಂದ ಆಸ್ಪತ್ರೆಯಲ್ಲಿ ಸುವರ್ಣಾ ಉಳಿದಳು, ರೈಲು ನಾನು ಹತ್ತಿದೆ. ಅವಳ ಪ್ರಬಂಧ ನನ್ನ ಚೀಲದಲ್ಲಿತ್ತು. ನನ್ನದು ಇರಲಿಲ್ಲ, ಏಕೆಂದರೆ ನಾನು ಬರೆದೇ ಇರಲಿಲ್ಲ. ದಾರಿಯಲ್ಲಿ ಅವಳದನ್ನು ತೆರೆದು, ಅಲ್ಲೊಂದು ಇಲ್ಲೊಂದು ಮಾತು ಬದಲಿಸಿ ನಕಲು ಹೊಡೆಯುವುದೆಂದು ಯೋಜನೆ ಹಾಕಿದ್ದೆ. ಗಂಡಹೆಂಡಿರ ವಿಚಾರಗಳು ಒಂದೇ ತರಹ ಇದ್ದರೆ ಯಾರೂ ಅನುಮಾನಪಡುವುದಿಲ್ಲ ಎಂಬ ಧೈರ್ಯ.

ಮನ್ಮಾಡಿನಲ್ಲಿ ಗಾಡಿ ಅರ್ಧ ತಾಸು ನಿಂತಿತು. ವಡಾಪಾವ್ ತಿಂದು, ಕೈ ಒರೆಸಿಕೊಂಡು, ಪ್ರಬಂಧ ತೆರೆದೆ. ಕಾದಂಬರಿಯ ಮನೆ ಹಿಮ ಬೀಳುವ ದೇಶದ ಒಬ್ಬ ಸ್ಟೇಷನ್ ಮಾಸ್ತರನದು. ಅವನು ದಿನಾ ಸಂಜೆ ಬಂದು ಕೋಟು ತೆಗೆದು, ಸೂಪು ಬಿಸಿ ಇದೆಯೇ ಎಂದು ಹೆಂಡತಿಯನ್ನು ಕೇಳುತ್ತಾನೆ. ಬೇರೇನೂ ಕೇಳುವುದಿಲ್ಲ. ಹೋಲಿಕೆಯ ಮನೆಯಲ್ಲಿ ಗಂಡ ಬೂಟು ಬಿಚ್ಚುತ್ತ, ಅನ್ನ ಆಗಿದೆಯೇ ಎಂದು ಕೇಳುತ್ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ನನ್ನ ಬೂಟು ನೋಡಿಕೊಂಡೆ. ಅವನು ಕಾರ್ಖಾನೆಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ, ನೆಂಟರ ಮುಂದೆ ಕನ್ನಡ ಮಾತಾಡುತ್ತಾನಂತೆ, ಮನೆಗೆ ಬಂದರೆ ಯಾವುದನ್ನೂ ಮಾತಾಡುವುದಿಲ್ಲವಂತೆ. ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮರಾಠಿಯಲ್ಲಿ ಬರುತ್ತದೆ. ಅದಕ್ಕೆ ಆ ಹೆಂಗಸು ಅಡುಗೆಮನೆ ಕಿಟಕಿಯಲ್ಲಿ ಎಣ್ಣೆಡಬ್ಬಿಗೆ ಹಾಕಿದ ಕರಿಬೇವಿನ ಗಿಡದ ಜೊತೆ ಕನ್ನಡ ಮಾತಾಡುತ್ತಾಳೆ. ಮಾತು ಮರೆತುಹೋದೀತೆಂಬ ಹೆದರಿಕೆಗೆ.

ಕೊನೆಯ ಪುಟದಲ್ಲಿ ಹೀಗಿತ್ತು: ಈ ಮನೆಯ ಗಂಡ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಕಥೆ ಎಂದೋ ಮುಗಿದುಹೋಗುತ್ತಿತ್ತು.

ನಕಲು ಮಾಡುವ ಮಾತು ಅಲ್ಲಿಗೆ ಮುಗಿಯಿತು. ನನ್ನನ್ನೇ ಬೈದದ್ದನ್ನು ನನ್ನ ಅಕ್ಷರದಲ್ಲಿ ಬರೆದು ನನ್ನ ಹೆಸರಿನಲ್ಲಿ ಒಪ್ಪಿಸುವುದು ಹೇಗೆ? ನಿಜವಾಗಿ ಅದರಲ್ಲಿ ಬೈಗಳೂ ಇರಲಿಲ್ಲ. ಇದ್ದಿದ್ದರೆ ಸಿಟ್ಟಾದರೂ ಬರುತ್ತಿತ್ತು. ಹದಿನೆಂಟು ವರ್ಷ ಒಬ್ಬಳು ನನ್ನ ಮನೆಯಲ್ಲಿ ಗಿಡದ ಜೊತೆ ಮಾತಾಡಿಕೊಂಡಿದ್ದಳು, ನನಗೆ ಆ ಗಿಡ ಇದ್ದದ್ದೇ ಗೊತ್ತಿರಲಿಲ್ಲ. ಪ್ರಬಂಧವನ್ನು ಮಡಿಚಿ ಚೀಲದ ತಳಕ್ಕೆ ತುರುಕಿದೆ. ಆಮೇಲೆ ಕೆಟ್ಟ ಯೋಚನೆಯೂ ಬಂತು. ಚೀಲವನ್ನು ಸೀಟಿನ ಮೇಲೆ ಮರೆತು ಇಳಿದರೆ ಆಯಿತು. ಅವಳ ವರ್ಷ ಹೋಗುತ್ತದೆ, ನನ್ನ ಮಾನ ಉಳಿಯುತ್ತದೆ. ಸಂಭಾಜಿನಗರದಲ್ಲಿ ಹಾಗೇ ಇಳಿದೂ ಬಿಟ್ಟೆ. ಪ್ಲಾಟ್‌ಫಾರ್ಮಿನ ಮೇಲೆ ಹತ್ತು ಹೆಜ್ಜೆ ನಡೆದವನು ಹಿಂದಿರುಗಿದೆ. ಓಡಿಹೋಗಿ ಚೀಲ ತಂದೆ. ಇದನ್ನು ನನ್ನ ಒಳ್ಳೆಯತನ ಎಂದು ತಿಳಿಯಬೇಡಿ. ಅದರಲ್ಲಿ ನನ್ನ ಟಿಫಿನ್ ಡಬ್ಬಿಯೂ ಇತ್ತು.

ಅವಳದನ್ನು ಒಪ್ಪಿಸಿ, ಕೇಂದ್ರದ ವರಾಂಡದಲ್ಲಿ ಕುಳಿತು ನನ್ನದನ್ನೂ ಬರೆದೆ. ನನ್ನ ಪ್ರಬಂಧದ ಗಂಡ ಹೆಂಡತಿಯ ಸುಖದುಃಖ ಕೇಳುತ್ತಿದ್ದ, ಗಿಡಕ್ಕೆ ನೀರು ಹಾಕುತ್ತಿದ್ದ. ಎರಡು ತಿಂಗಳ ನಂತರ ಮೌಖಿಕ ಪರೀಕ್ಷೆಗೆ ಇಬ್ಬರೂ ಹೋದೆವು. ಸರ್ ಸುವರ್ಣಾಳ ಪ್ರಬಂಧ ಹಿಡಿದು, ಇಂಥ ಪಾತ್ರ ನಿಮಗೆ ಎಲ್ಲಿ ಸಿಕ್ಕಿತು ಎಂದು ಕೇಳಿದರು. ನಮ್ಮ ಬಿಲ್ಡಿಂಗಿನಲ್ಲೇ ಒಬ್ಬರಿದ್ದಾರೆ ಎಂದು ಅವಳು ಮರಾಠಿಯಲ್ಲಿ ಹೇಳಿದಳು. ನನ್ನ ಸರದಿ ಬಂದಾಗ, ಇಂಥ ಗಂಡಸು ಜಗತ್ತಿನ ಯಾವ ಸಾಹಿತ್ಯದಲ್ಲೂ ಇಲ್ಲ ಎಂದು ನನ್ನನ್ನು ಫೇಲ್ ಮಾಡಿದರು.

ವಾಪಸು ಬರುವಾಗ ಮನ್ಮಾಡ್ ದಾಟುವವರೆಗೂ ಒಂದು ಪ್ರಶ್ನೆಯನ್ನು ಒಳಗೊಳಗೇ ತಿದ್ದಿಕೊಂಡು ಕೊನೆಗೆ ಕೇಳಿದೆ. “ಆ ಸ್ಟೇಷನ್ ಮಾಸ್ತರ ಕಡೀಕ ಏನಾದ?”

“ನೀವು ಓದಿಲ್ಲೇನ್ರಿ?”

“ಇಲ್ಲ.”

“ನನ್ನ ಪ್ರಬಂಧ ಮಾತ್ರ ಓದೀರಿ,” ಎಂದಳು. “ಪುಟದ ಮ್ಯಾಲ ವಡಾಪಾವ್ ಎಣ್ಣಿ ಬಿದ್ದಿತ್ತಂತ. ಸರ್ ಹೇಳಿದ್ರು.” ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು. ಇನ್ನೊಂದು ಪ್ರಶ್ನೆ ಕೇಳಬೇಕೆಂದು ನಾಸಿಕ್ ರೋಡ್ ಸ್ಟೇಷನ್‌ವರೆಗೂ ಹುಡುಕಿದೆ. ಅಭ್ಯಾಸವಿಲ್ಲದ ಕೆಲಸ, ಸಿಗಲಿಲ್ಲ.

ಅವ್ವ ಮೊಮ್ಮಗಳನ್ನು ಕರೆದುಕೊಂಡು ಬೀದರಿಗೆ ಹೋಗಿದ್ದಳು. ಬೆಳಗಿನಿಂದ ಮನೆಗೆ ಬೀಗ. ಸುವರ್ಣಾ ಬೀಗ ತೆಗೆದಳು. ನಾನು ಹಿಂದೆಯೇ ಒಳಬಂದು, ಬಾಗಿಲ ಹತ್ತಿರ ಕುಳಿತು ಬೂಟು ಬಿಚ್ಚುತ್ತ, “ಅನ್ನ ಆಗ್ಯಾದೇನು?” ಎಂದೆ.

ಅವಳು ಸಿಟ್ಟಾಗಲಿಲ್ಲ. ಹತ್ತಿರ ಬಂದು, ಹಣೆಯ ಟಿಕಳಿ ಕಿತ್ತು ನನ್ನ ಅಂಗಿಯ ಜೇಬಿಗೆ ಅಂಟಿಸಿ, ಅಕ್ಕಿ ತೊಳೆಯಲು ಒಳಗೆ ಹೋದಳು. ಅವಳೀಗ ಎರಡನೇ ವರ್ಷದಲ್ಲಿದ್ದಾಳೆ, ನಾನು ಮೊದಲನೆಯದರಲ್ಲೇ ಇದ್ದೇನೆ. ಆ ಅಂಗಿಯನ್ನು ಮಾತ್ರ ಇನ್ನೂ ಒಗೆಯಲು ಹಾಕಿಲ್ಲ.