ಮುಕ್ಕಾಲು ದಾರಿಯ ಅಳಿಯ

ಹಳೆಯ ಸೇತುವೆ ರಿಪೇರಿಗೆ ಬಂದದ್ದರಿಂದ ಈ ವರ್ಷ ಮ್ಯಾರಥಾನ್ ಓಟದ ದಾರಿ ಬದಲಾಯಿತು. ಎಡವಟ್ಟು ಶುರುವಾದದ್ದೇ ಅಲ್ಲಿಂದ. ಹೊಸ ದಾರಿ ನಮ್ಮ ಓಟಗಾರನ ಬೀದಿಯಲ್ಲೇ ಹಾದುಹೋಗುತ್ತಿತ್ತು. ಸಾಲದ್ದಕ್ಕೆ ಮೂವತ್ತನೇ ಕಿಲೋಮೀಟರಿನ ಬೋರ್ಡನ್ನು ತಂದು ಅವನ ಮನೆಯ ಗೇಟಿನೆದುರೇ ನೆಟ್ಟು ಹೋಗಿದ್ದರು.

ನಮ್ಮವನ ಕೆಲಸ ಪೇಸರ್. ಚಾಂಪಿಯನ್ನಿನ ಮುಂದೆ ಒಂದೇ ವೇಗದಲ್ಲಿ ಓಡುತ್ತಾ, ಗಾಳಿಗೆ ತಾನೇ ಎದೆಯೊಡ್ಡಿ, ಮೂವತ್ತು ಕಿಲೋಮೀಟರ್ ಆದಕೂಡಲೇ ಪಕ್ಕಕ್ಕೆ ಇಳಿದುಬಿಡಬೇಕು. ಅವನು ಇಳಿದದ್ದೇ ತಡ, ಅಲ್ಲಿಯವರೆಗೆ ಅವನ ಬೆನ್ನನ್ನೇ ನೋಡುತ್ತಾ ಬಂದ ಚಾಂಪಿಯನ್ ಬಾಣದಂತೆ ಹೊರಟು, ಉಳಿದ ಹನ್ನೆರಡನ್ನು ಓಡಿ ಟ್ರೋಫಿ ಎತ್ತುತ್ತಿದ್ದ. ಹದಿನೈದು ವರ್ಷದಿಂದ ಊರೂರ ಓಟಗಳಲ್ಲಿ ಇದೇ ನಡೆದುಬಂದಿತ್ತು, ಮನೆಯೂ ಇದರಿಂದಲೇ ನಡೆಯುತ್ತಿತ್ತು.

ಆದರೆ ಇಂಥದ್ದೊಂದು ಕೆಲಸ ಇದೆ ಅಂತ ಮನೆಯವರನ್ನು ನಂಬಿಸುವುದು ಮಾತ್ರ ಅವನಿಂದ ಆಗಿರಲಿಲ್ಲ.

"ಮುಕ್ಕಾಲು ದಾರಿ ಓಡಿದ್ರೆ ಸಂಬಳ ಕೊಡೋ ಹುಚ್ಚ ಯಾರಪ್ಪಾ?" ಎಂದು ಮಾವ ಕೇಳುತ್ತಿದ್ದರು. ಅವರು ನಿವೃತ್ತ ಡ್ರಿಲ್ ಮಾಸ್ತರು. ಕೆಲಸ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ. "ಪಾಪ, ಕೈಲಾಗಲ್ಲ. ನಾಚಿಕೆಗೆ ಒಂದು ಕತೆ ಕಟ್ಟಿದ್ದಾರೆ ಅಳಿಯಂದ್ರು."

ಪಕ್ಕದ ಮನೆಯ ಟೈಲರ್‌ಗೂ ಅದೇ ಅನುಮಾನ. "ನಾನು ಮುಕ್ಕಾಲು ಪ್ಯಾಂಟು ಹೊಲಿದು ಕೊಟ್ರೆ ನೀವು ಸುಮ್ನಿರ್ತೀರಾ ಸಾರ್?" ಬೀದಿಯವರು ಅವನಿಗೆ 'ಮುಕ್ಕಾಲು' ಎಂದೇ ಹೆಸರಿಟ್ಟಿದ್ದರು. ಅವನೆದುರಿಗೆ ಕರೆಯುತ್ತಿರಲಿಲ್ಲ, ಅಷ್ಟು ಮರ್ಯಾದೆ ಇತ್ತು.

ಓಟದ ದಿನ ಬೆಳಿಗ್ಗೆ ಹೆಂಡತಿ ಬೂಟಿನ ದಾರ ಬಿಗಿಯುತ್ತಾ ಹೇಳಿದಳು: "ರೀ, ಇವತ್ತು ಬೀದಿಯೆಲ್ಲಾ ನೋಡ್ತಿರುತ್ತೆ. ನಮ್ಮನೆ ಮುಂದೆನೇ ಮಾತ್ರ ನಿಲ್ಬೇಡಿ."

"ಅಲ್ಲೇ ಕಣೇ ನಾನು ನಿಲ್ಬೇಕಾಗಿರೋದು! ಅದೇ ನನ್ನ ಕೆಲಸ. ನಿಲ್ಲದಿದ್ರೆ ನಾಳೆಯಿಂದ ಕರೆಯಲ್ಲ."

ಅವಳು ದಾರದ ಗಂಟು ಹಾಕಿ ಎದ್ದಳು. ಕಣ್ಣು ತುಂಬಿಕೊಂಡು ಒಳಗೆ ಹೋದಳು. 

ಮೂವತ್ತನೇ ಬೋರ್ಡು ಕಣ್ಣಿಗೆ ಬೀಳುವ ಹೊತ್ತಿಗೆ ಎಲ್ಲ ಸರಿಯಾಗೇ ಇತ್ತು. ಬೆನ್ನ ಹಿಂದೆ ಚಾಂಪಿಯನ್ನಿನ ಉಸಿರು ಒಂದೇ ತಾಳದಲ್ಲಿ ಕೇಳುತ್ತಿತ್ತು, ಉಳಿದ ಓಟಗಾರರು ಬಹಳ ಹಿಂದೆ ಬಿದ್ದಿದ್ದರು. ನಮ್ಮವನು ಪದ್ಧತಿಯಂತೆ ಕೈ ಎತ್ತಿ ಎಡಕ್ಕೆ ಇಳಿಯಹೋದ. ಅಲ್ಲಿ ಟೈಲರ್ ಮತ್ತು ಅವನ ಸಂಸಾರ ಕೈಕೈ ಹಿಡಿದು ಬೇಲಿಯಂತೆ ನಿಂತಿದ್ದರು.

"ಬಿಡ್ಬೇಡಿ ಸಾರ್! ಸೋಲೊಪ್ಕೋಬೇಡಿ!"

"ಅಯ್ಯೋ, ದಾರಿ ಬಿಡ್ರೀ!"

"ನಾವು ಬಿಡಲ್ಲ, ನೀವೂ ಬಿಡ್ಬೇಡಿ!"

ಬಲಕ್ಕೆ ಸರಿದ. ಕ್ಷೌರದಂಗಡಿಯ ಬಾಗಿಲು ತೆರೆದಿತ್ತು, ಒಳಗೆ ನುಗ್ಗಿದ. ಕ್ಷೌರಿಕ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಬಂದು, ನೊರೆಯ ಕೈಯಲ್ಲೇ ಅವನ ಬೆನ್ನಿಗೆ ಕೈಹಚ್ಚಿ ಹೊರಗೆ ದಬ್ಬಿದ. "ತಪ್ಪು ತಿಳ್ಕೋಬೇಡಿ. ಒಳಗೆ ಬಂದ್ರೆ ಸೇರಿಸ್ಬೇಡ ಅಂತ ನಿಮ್ಮ ಮಾವನೋರು ಹೇಳಿಟ್ಟಿದ್ದಾರೆ."

ರಸ್ತೆಯಲ್ಲೇ ಕುಕ್ಕರುಬಡಿದು ಕೂತ. ಹೆಂಡತಿ ಮನೆಯಿಂದ ಬಕೆಟ್ ತಂದು ತಲೆಯ ಮೇಲೆ ನೀರು ಸುರಿದಳು. "ಏಳಿ! ನನಗೋಸ್ಕರ!"

ಇಷ್ಟೆಲ್ಲ ನಡೆಯುತ್ತಿದ್ದರೆ ಚಾಂಪಿಯನ್ ಮುಂದೆ ಹೋಗಲಿಲ್ಲ. ಟೈಲರನ ಬೇಲಿಯ ಪಕ್ಕದಲ್ಲಿ ಕಾಯುತ್ತಾ ನಿಂತಲ್ಲೇ ಕಾಲು ಕುಣಿಸುತ್ತಿದ್ದ. ನಮ್ಮವನಿಗೆ ಆಶ್ಚರ್ಯಪಡಲೂ ಪುರುಸೊತ್ತಿರಲಿಲ್ಲ, ಎದ್ದು ಓಡಬೇಕಾಯಿತು. ಮಾವ ಸ್ಕೂಟರ್ ಏರಿ, ಮಗಳನ್ನು ಹಿಂದೆ ಕೂರಿಸಿಕೊಂಡು, ಬೆನ್ನ ಹಿಂದೆಯೇ ಸೀಟಿ ಊದುತ್ತಿದ್ದರು. ಸೀಟಿ ಕಂಡು ಪೊಲೀಸರು ಇವರು ಯಾರೋ ದೊಡ್ಡ ಅಧಿಕಾರಿ ಎಂದು ಸೆಲ್ಯೂಟ್ ಹೊಡೆದು ದಾರಿ ಬಿಟ್ಟರು. ಅವನು ನಿಧಾನಿಸಿದರೆ ಸೀಟಿ, ಪಕ್ಕಕ್ಕೆ ವಾಲಿದರೆ ಹಾರ್ನ್. ಹಿಂದೆ ಮಾವ, ಎರಡೂ ಕಡೆ ಜನ. ಮುಂದಕ್ಕಲ್ಲದೆ ಬೇರೆ ದಾರಿಯೇ ಇರಲಿಲ್ಲ.

ಮೂವತ್ತೈದು ದಾಟಿದ ಮೇಲೆ ಅವನಿಗೇ ಒಂದು ವಿಷಯ ಹೊಳೆಯಿತು. ಕಾಲು ಇನ್ನೂ ಓಡುತ್ತಿತ್ತು. ನಲವತ್ತರಲ್ಲಿ ಓಡಬೇಕೆಂದು ಆಸೆಯೂ ಆಯಿತು. ಹದಿನೈದು ವರ್ಷ ಟಿವಿಯಲ್ಲಷ್ಟೇ ಕಂಡಿದ್ದ ಆ ರಿಬ್ಬನ್ ಎದೆಗೆ ತಾಗಿದಾಗ ಅವನು ಮಗುವಿನ ಹಾಗೆ ಅತ್ತುಬಿಟ್ಟ. ಕೆಲಸ ಹೋದರೆ ಹೋಗಲಿ, ಮನೆಯಲ್ಲಿ ತಲೆಯೆತ್ತಿ ಕೂರಬಹುದಲ್ಲ ಎಂದುಕೊಂಡ.

ಅವನ ಹತ್ತಿರ ಮೊದಲು ಬಂದವನು ಚಾಂಪಿಯನ್. ಬಂದವನೇ ಕೊರಳಪಟ್ಟಿ ಹಿಡಿದ. "ಯಾವಾಗ್ರೀ ಇಳಿಯೋದು ನೀವು? ನೀವು ಇಳಿದ್ಮೇಲೆ ತಾನೇ ನಾನು ಓಡೋಕೆ ಶುರುಮಾಡೋದು! ಈಗ ಇಳೀತಾರೆ, ಆಗ ಇಳೀತಾರೆ ಅಂತ ಕಾಯ್ತಾ ಬಂದೆ, ನೋಡಿದ್ರೆ ಓಟವೇ ಮುಗಿದುಹೋಗಿದೆ!"

ಆಮೇಲೆ ಬಂದವರು ವ್ಯವಸ್ಥಾಪಕರು. "ನೀವು ಸ್ಪರ್ಧಿ ಅಲ್ಲ, ಕೆಲಸಕ್ಕೆ ಬಂದೋರು. ಟ್ರೋಫಿ ಅವರಿಗೇ. ಗೆಲ್ಲೋ ಪೇಸರ್ ನಮಗೆ ಬೇಡ, ನಾಳೆಯಿಂದ ಬರ್ಬೇಡಿ."

ಕೊನೆಗೆ, ಅಲ್ಲೇ ಜನರ ಹಿಂದೆ ನಿಂತಿದ್ದ ಸ್ಕೂಟರ್ ಮುಂದೆ ಬಂತು. ನಮ್ಮವನು ಕಣ್ಣೊರೆಸಿಕೊಂಡು ಎದೆಯುಬ್ಬಿಸಿ ನಿಂತ. ಮಾವ ಸೀಟಿಯನ್ನು ಬಾಯಿಂದ ತೆಗೆದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಂದ್ರೆ, ನಿಮ್ಮ ಕೈಲಿ ಆಗ್ತಿತ್ತು."

"ಹೌದು ಮಾವ!"

"ಹದಿನೈದು ವರ್ಷ ಕೈಲಾಗದೋರು ಪಾಪ ಅಂತ ಸುಮ್ನಿದ್ದೆ. ಕೈಲಾಗ್ತಿತ್ತು, ಬೇಕಂತ್ಲೇ ಓಡ್ಲಿಲ್ಲ! ಮೈಗಳ್ಳತನ!"

"ಅಲ್ಲ ಮಾವ, ಅದು ನನ್ನ ಕೆಲಸ—"

"ಯಾವ ಕೆಲಸ? ಈಗಷ್ಟೇ ಅವರು ಬರ್ಬೇಡಿ ಅಂದಿದ್ದು ನಾನೇ ಕೇಳಿಸ್ಕೊಂಡೆ."

ಅವನು ಹೆಂಡತಿಯ ಮುಖ ನೋಡಿದ. "ಇಷ್ಟು ಚೆನ್ನಾಗಿ ಓಡ್ತಿದ್ರಿ, ಅಲ್ವಾ? ನನ್ನ ಮರ್ಯಾದೆಗೆ ಒಂದು ಸಲ, ಒಂದೇ ಒಂದು ಸಲ ಓಡೋಕೆ ಆಗ್ಲಿಲ್ವಾ ನಿಮಗೆ?" ಎಂದು ಅವಳು ಮುಖ ತಿರುಗಿಸಿದಳು.

ನಮ್ಮವನು ಕುಂಟುತ್ತಾ ಸ್ಕೂಟರಿನ ಹತ್ತಿರ ಹೋದ. ಮೂರನೆಯವರಿಗೆ ಜಾಗವಿರಲಿಲ್ಲ. ಮಾವ ಗಾಡಿ ಸ್ಟಾರ್ಟ್ ಮಾಡಿದರು.

"ಮನೆ ಇಲ್ಲಿಂದ ಹನ್ನೆರಡೇ ಕಿಲೋಮೀಟರ್ ಅಳಿಯಂದ್ರೇ. ಓಡ್ಕೊಂಡು ಬನ್ನಿ. ಅರ್ಧದಲ್ಲಿ ನಿಲ್ಬೇಡಿ."